ಹಾಳೂರ ಹೊಲದ ಗಾಳಿ

ಮದುವೆಯಾದ ಮೊದಲ ವರ್ಷ ನಾನು ಆಷಾಢದ ಗಾಳಿಯನ್ನು ನೋಡಲೇ ಇಲ್ಲ. ಹೊಸ ಸೊಸೆ ಆಷಾಢದಲ್ಲಿ ಅತ್ತೆಮನೆಯಲ್ಲಿ ಇರಬಾರದೆಂದು ಅಪ್ಪ ಬಂದು ನನ್ನನ್ನು ವಿಜಾಪುರಕ್ಕೆ ಕರೆದೊಯ್ದಿದ್ದ. ನಮ್ಮ ಮನೆ ಗೋಳಗುಮ್ಮಟದ ಹಿಂದಿನ ಓಣಿಯಲ್ಲಿತ್ತು. ಗೋಡೆಗೆ ಗೋಡೆ ಹತ್ತಿದ ಮನೆಗಳು. ಅಲ್ಲಿ ಗಾಳಿ ಎಂದರೆ ಒಣಹಾಕಿದ ಸೀರೆ ಹಾರಿ ಪಕ್ಕದವರ ಮಾಳಿಗೆಯ ಮೇಲೆ ಬೀಳುವುದು, ಅಷ್ಟೇ. ಅಪ್ಪ ಸಾಲಿ ಮಾಸ್ತರ. ಭೂಗೋಳ ಕಲಿಸುತ್ತಿದ್ದ. ಗಾಳಿ ಹೇಗೆ ಹುಟ್ಟುತ್ತದೆ, ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ಊಟಕ್ಕೆ ಕೂತಾಗಲೂ ಹೇಳುತ್ತಿದ್ದ. ಹಾಗಾಗಿ ಗಾಳಿಯ ಬಗ್ಗೆ ನನಗೆ ಬೇಕಾದಷ್ಟು ಗೊತ್ತಿದೆ ಎಂದೇ ತಿಳಿದಿದ್ದೆ.

ಎರಡನೆಯ ವರ್ಷ ಗೊತ್ತಾಯಿತು. ಆಗ ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಗಂಡನ ಊರು ಟಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವೆ, ಬಸ್ಸಿನ ರಸ್ತೆಯಿಂದ ಬಹಳ ಒಳಗೆ. ಕಾರಹುಣ್ಣಿಮೆ ಮುಗಿದದ್ದೇ ತಡ, ಪಡುವಣದಿಂದ ಗಾಳಿ ಹೊರಟಿತು. ಅದನ್ನು ತಡೆಯಲು ಆ ಸೀಮೆಯಲ್ಲಿ ಗಿಡವಿಲ್ಲ, ದೊಡ್ಡ ಗುಡ್ಡವಿಲ್ಲ, ಅಲ್ಲಲ್ಲಿ ಮಡ್ಡಿ ಎನ್ನುವ ಸಣ್ಣ ದಿಬ್ಬಗಳಷ್ಟೇ. ನಮ್ಮ ಕಡೆಯ ಹೊಲಗಳೆಲ್ಲ ಹೆಚ್ಚಾಗಿ ಹಿಂಗಾರಿ, ಮಳೆಗಾಲದ ಕೊನೆಗೆ ಬಿತ್ತುವವು. ಜೋಳ ಕಿತ್ತ ಮೇಲೆ ಮತ್ತೆ ಬಿತ್ತುವತನಕ ಭೂಮಿ ಬರಿಮೈಯಲ್ಲಿ ಮಲಗಿರುತ್ತದೆ. ಆ ಮೈಯ ಮೇಲೆ ಹಗಲೆಲ್ಲ ಗಾಳಿ ಕೈಯಾಡಿಸುತ್ತಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಬೆಳಕಿಂಡಿಯ ಕೆಳಗೆ ಅಡುಗೆಮನೆಯ ನೆಲದಲ್ಲಿ ಕರಿಮಣ್ಣಿನ ಸಣ್ಣ ಗುಪ್ಪೆ. ರೊಟ್ಟಿ ಹಿಟ್ಟಿನಲ್ಲಿ ಮಣ್ಣು, ನೀರಿನ ಕೊಡದಲ್ಲಿ ಮಣ್ಣು, ತಲೆಗೂದಲ ಬುಡದಲ್ಲಿ ಮಣ್ಣು. ಮಾತಾಡಿದರೆ ಹಲ್ಲು ಕರಕರ ಎನ್ನುತ್ತಿದ್ದವು.

ಮಣ್ಣಿಗಿಂತ ನನ್ನನ್ನು ಹೆದರಿಸಿದ್ದು ಅದರ ಸಪ್ಪಳ. ಯಾರೋ ದೂರದಲ್ಲಿ ಒಂದೇ ಸಮ ಬೀಸುಕಲ್ಲು ತಿರುವುತ್ತಿದ್ದಾರೆ ಎನ್ನುವ ಹಾಗೆ ಕೇಳುತ್ತಿತ್ತು. ಕಾಳು ಮುಗಿಯುವುದಿಲ್ಲ, ತಿರುವುವವರ ಕೈ ಸೋಲುವುದಿಲ್ಲ. ಮಾಳಿಗೆಯ ತೊಲೆ ಕಿರುಗುಟ್ಟಿದರೆ ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ತಲಬಾಗಿಲ ಚೌಕಟ್ಟಿನ ಕೆಳಗೆ ಹೋಗಿ ನಿಲ್ಲುತ್ತಿದ್ದೆ.

ಅತ್ತೆ ನಗುತ್ತಿದ್ದಳು. ಬಬಲೇಶ್ವರದ ತವರಿನವಳು, ಎತ್ತರದ ಆಳು, ಕಂಚಿನ ಕಂಠ. ಮಾವ ತೀರಿಕೊಂಡು ವರ್ಷಗಳಾಗಿದ್ದವು. ಹೊಲ, ಎತ್ತು, ಮಗ ಎಲ್ಲವನ್ನೂ ಒಬ್ಬಳೇ ನಡೆಸಿಕೊಂಡು ಬಂದಿದ್ದಳು.

“ಗಾಳಿ ಏನ್ ಹುಲಿ ಏನ ಬೇ, ತಿನ್ನಾಕ?” ಎನ್ನುತ್ತಿದ್ದಳು. “ಬರ್ತೈತಿ, ಹೋಗ್ತೈತಿ. ಬಾ, ರೊಟ್ಟಿ ಬಡಿ.”

ನಮಗೆ ಊರ ಹೊರಗೆ ದಿಬ್ಬದ ಮೇಲೊಂದು ಹೊಲವಿತ್ತು. ಹಾಳೂರ ಹೊಲ ಎನ್ನುತ್ತಿದ್ದರು. ಯಾವ ಕಾಲದಲ್ಲೋ ಅಲ್ಲಿ ಊರಿತ್ತಂತೆ. ಬ್ಯಾನಿ, ರೋಗ ಬಂದು ಜನ ಬಿಟ್ಟುಹೋದರೋ, ನೀರಿಲ್ಲದೆ ಹೋದರೋ, ಹೇಳುವವರು ಯಾರೂ ಉಳಿದಿರಲಿಲ್ಲ. ಆ ಹೊಲಕ್ಕೆ ಹೋಗಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ಹೋದಾಗಲೆಲ್ಲ ನೆಲದ ಮೇಲೆ ಹೊಸದೊಂದು ಕಾಣುತ್ತಿತ್ತು. ಗಡಿಗೆಯ ಚೂರು, ಬಳೆಯ ತುಂಡು, ಒಮ್ಮೆ ಅರ್ಧ ಒಡೆದ ಬೀಸುಕಲ್ಲು. ಒಮ್ಮೆ ನನ್ನ ಕಾಲಿಗೆ ತೊಡರಿದ್ದು ಎಲುಬು. ದನದ್ದು ಎಂದು ಗಂಡ ಹೇಳಿದ. ನಾನು ನಂಬಿದ ಹಾಗೆ ಮಾಡಿದೆ.

“ಹ್ವಾದ ವರ್ಷ ಇಷ್ಟು ಕಲ್ಲು ಇರಲಿಲ್ಲ,” ಎಂದು ನಾನು ಒಮ್ಮೆ ಅಂದೆ.

“ಕಲ್ಲು ಬೆಳೀತಾವ,” ಎಂದಳು ಅತ್ತೆ. “ಭೂಮಿತಾಯಿ ಹಡೀತಾಳ. ನಾವು ಆರಿಸಿ ಒಗೀಬೇಕು.”

ಗಂಡ ಬದುವಿನಲ್ಲಿ ಗಡಿ ಗುರುತಿಗೆ ನೆಟ್ಟ ಬಾಂದಗಲ್ಲನ್ನು ತೋರಿಸಿದ. “ನಾ ಸಣ್ಣಾವ ಇದ್ದಾಗ ಇದು ಮೊಣಕಾಲಿಗೆ ಬರ್ತಿತ್ತು. ಈಗ ಟೊಂಕಕ್ಕ ಬಂದೈತಿ. ನಾನೂ ಬೆಳದೆ, ಕಲ್ಲೂ ಬೆಳೀತು.”

ಅವರಿಬ್ಬರೂ ನಕ್ಕರು. ನಾನು ಬಗ್ಗಿ ಬಾಂದಗಲ್ಲಿನ ಬುಡ ನೋಡಿದೆ. ಅಪ್ಪನ ಮಾತು ಕೇಳಿ ಬೆಳೆದವಳು ನಾನು. ಕಲ್ಲು ಬೆಳೆಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಕಲ್ಲು ಇದ್ದಲ್ಲೇ ಇತ್ತು, ಇಳಿದದ್ದು ನೆಲ. ನಾವು ನಿಂತ ಹೊಲ ನಮ್ಮ ಕಾಲ ಕೆಳಗಿನಿಂದ ವರ್ಷ ವರ್ಷ ಎದ್ದು ಹೋಗುತ್ತಿತ್ತು. ಇದನ್ನು ಅತ್ತೆಯ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ. ಗಾಳಿ ಜೋರಾದ ದಿನ ಕಣ್ಣು ಮುಚ್ಚಿದರೆ, ಹೊಲದ ಮಣ್ಣೆಲ್ಲ ಹಾರಿಹೋಗಿ ಆ ಹಳೆಯ ಊರು ಗೋಡೆ, ಬಾಗಿಲು, ಜನ ಸಮೇತ ಎದ್ದು ನಿಂತಂತೆ ಕಾಣುತ್ತಿತ್ತು.

ಆ ದಿನ ಗಾಳಿ ಬೆಳಗಿನಿಂದಲೇ ಹುಚ್ಚೆದ್ದಿತ್ತು. ಮಳೆಯ ಹನಿ ಇಲ್ಲ. ಗಂಡ ಕುಂಟೆ ಹೊಡೆಯಲು ಎತ್ತು, ಚಕ್ಕಡಿ ಕಟ್ಟಿಕೊಂಡು ಹಾಳೂರ ಹೊಲಕ್ಕೆ ಹೋಗಿದ್ದ. ಅತ್ತೆ ಕಲ್ಲು ಆರಿಸಲು ಅವನ ಜೊತೆ ಹೋಗಿದ್ದಳು. ಮಧ್ಯಾಹ್ನ ಬುತ್ತಿ ಒಯ್ಯುವುದು ನನ್ನ ಕೆಲಸ. ತಲೆಯ ಮೇಲಿನ ಬುಟ್ಟಿಯನ್ನು ಎರಡೂ ಕೈಯಿಂದ ಹಿಡಿದು, ಸೆರಗನ್ನು ಹಲ್ಲಿನಲ್ಲಿ ಕಚ್ಚಿ, ಗಾಳಿಗೆ ಹೆಗಲು ಕೊಟ್ಟು ಅಡ್ಡಡ್ಡ ನಡೆದೆ. ನೆಲದ ಮೇಲೆ ಮೊಣಕಾಲೆತ್ತರಕ್ಕೆ ಉಸುಕು ಕುಣಿಯುತ್ತ ಓಡುತ್ತಿತ್ತು. ಕಾಲಿಗೆ ಬಡಿದರೆ ಸೂಜಿ ಚುಚ್ಚಿದ ಹಾಗೆ. ಅದರ ಮೇಲೆ ಹುಡಿ, ಆಕಾಶದವರೆಗೂ ಹುಡಿ. ಹೊಲದ ಈ ತುದಿಯಿಂದ ಆ ತುದಿ ಕಾಣುತ್ತಿರಲಿಲ್ಲ.

ದಿಬ್ಬ ಹತ್ತಿದಾಗ ಗಂಡ ಎತ್ತುಗಳನ್ನು ಬಿಚ್ಚುತ್ತಿದ್ದ. ಅತ್ತೆ ಕಲ್ಲಿನ ಗುಂಪಿಯ ಹತ್ತಿರ ಬಗ್ಗಿದ್ದಳು. ನನ್ನನ್ನು ನೋಡಿ ನೆಟ್ಟಗೆ ನಿಂತು ಕೈ ಎತ್ತಿದಳು. ಒಂದು ಹೆಜ್ಜೆ ಮುಂದಿಟ್ಟಳು.

ಆಮೇಲೆ ಅಲ್ಲಿ ಅತ್ತೆ ಇರಲಿಲ್ಲ.

ಕೂಗಲಿಲ್ಲ, ಬೀಳುವುದು ಕಾಣಲಿಲ್ಲ. ಅವಳು ನಿಂತಿದ್ದ ಜಾಗದಿಂದ ಕರಿ ಹುಡಿ ಎದ್ದಿತು. ಗಾಳಿ ಅದನ್ನು ತಕ್ಷಣ ಮೂಡಣಕ್ಕೆ ಒಯ್ದಿತು. ನನ್ನ ತಲೆಯ ಮೇಲಿನ ಬುಟ್ಟಿ ಯಾವಾಗ ಬಿತ್ತೋ ಗೊತ್ತಿಲ್ಲ. ಓಡಿದೆ. ಗಂಡ ನನಗಿಂತ ಮೊದಲು ಮುಟ್ಟಿದ. ನನ್ನನ್ನು ಹಿಂದಕ್ಕೆ ತಳ್ಳಿ, “ಮುಂದ ಬರಬ್ಯಾಡ, ನೆಲ ಕುಸ್ಯಾಕತ್ತೈತಿ,” ಎಂದು ಹೊಟ್ಟೆಯ ಮೇಲೆ ಮಲಗಿ ತೆವಳಿದ.

ನೆಲದಲ್ಲಿ ಒಂದು ಬಾಯಿ ತೆರೆದಿತ್ತು. ಒಬ್ಬರು ಕೈ ಮೇಲೆತ್ತಿ ಇಳಿಯುವಷ್ಟು ಅಗಲ. ಒಳಗೆ ಕತ್ತಲೆ.

“ಯವ್ವಾ,” ಎಂದು ಗಂಡ ಕರೆದ. “ಯವ್ವಾ.”

ಬಹಳ ಹೊತ್ತಾದ ಮೇಲೆ ಕೆಳಗಿನಿಂದ ದನಿ ಬಂತು. “ಕಾಲು ಹೋತೋ ಯಪ್ಪಾ. ಮುರದೈತಿ.”

ಅದು ಹಗೆ. ಹಳೆಯ ಕಾಲದಲ್ಲಿ ಜೋಳ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಕಣಜ. ಬಾಯಿ ಸಣ್ಣದು, ಒಳಗೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಆ ಕಾಲದಲ್ಲಿ ಊರಲ್ಲೂ ಕೆಲವು ಮನೆಗಳ ಮುಂದೆ ಹಗೆಗಳಿದ್ದವು. ಹಾಳೂರಿನವರು ಬಿಟ್ಟುಹೋದ ಈ ಹಗೆಯ ಮೇಲೆ ಕಟ್ಟಿಗೆಯ ಮುಚ್ಚಳ, ಅದರ ಮೇಲೆ ಆಳೆತ್ತರದ ಮಣ್ಣು ಇದ್ದಿರಬೇಕು. ಗಾಳಿ ಒಂದೊಂದು ವರ್ಷ ಒಂದೊಂದು ಪದರ ತೆಗೆದಿತ್ತು. ಕೊನೆಗೆ ಉಳಿದದ್ದು ರೊಟ್ಟಿಯಂಥ ತೆಳು ನೆಲ. ಅದರ ಮೇಲೆ ಎಷ್ಟು ಸಲ ನಾವು ನಡೆದಿದ್ದೆವೋ.

ನಮ್ಮ ಕೂಗು ಕೇಳಿ ಪಕ್ಕದ ಹೊಲದ ಕಾಕಾ ಓಡಿಬಂದರು. ಮುಸಲ್ಮಾನರು, ಮಾವನ ಗೆಳೆಯರು. ಗಂಡ ಅವರನ್ನು ಹುಟ್ಟಿದಾಗಿನಿಂದ ಕಾಕಾ ಎಂದೇ ಕರೆಯುತ್ತಿದ್ದ. ಅಷ್ಟರಲ್ಲಿ ಗಂಡ ಚಕ್ಕಡಿಯಿಂದ ಹಗ್ಗ ತಂದು ಟೊಂಕಕ್ಕೆ ಸುತ್ತಿಕೊಳ್ಳುತ್ತಿದ್ದ. ಕಾಕಾ ಅವನ ರಟ್ಟೆ ಹಿಡಿದರು.

“ದೀಪ ಇಳಿಸದ ಇಳೀಬ್ಯಾಡ.”

“ನಮ್ಮವ್ವ ಅದಾಳ ಕಾಕಾ ಅಲ್ಲಿ.”

“ಅದಕ್ಕ ಹೇಳಾಕತ್ತೇನಿ. ಹಗೆದಾಗ ಕೆಟ್ಟ ಹವಾ ಇರ್ತೈತಿ. ನಮ್ಮ ಸೋದರಮಾವ ಇಳದ, ಅವನ್ನ ತಗೀಲಿಕ್ಕೆ ಅವನ ತಮ್ಮ ಇಳದ. ಇಬ್ಬರೂ ಕೂತಲ್ಲೇ ಹೋದ್ರು. ಒಂದು ಗಾಯ ಇರಲಿಲ್ಲ ಮೈಮ್ಯಾಲ.”

ಗಂಡ ಹಗ್ಗ ಹಿಡಿದು ಹಾಗೇ ನಿಂತ. ನಾನು ಕೆಳಗೆ ಕೂತುಬಿಟ್ಟೆ. ನನ್ನ ಕಾಲಿನ ಕೆಳಗೂ ಟೊಳ್ಳಿದೆಯೇನೋ ಎನ್ನಿಸಿ ಮತ್ತೆ ಎದ್ದೆ. ಎದ್ದರೆ ಭಾರ ಒಂದೇ ಕಡೆ ಬೀಳುತ್ತದೆ ಎನ್ನಿಸಿ ಮತ್ತೆ ಕೂತೆ. ಆ ಹೊಲದಲ್ಲಿ ಎಲ್ಲಿ ಕಾಲಿಡಬೇಕು ಎನ್ನುವುದೇ ತಿಳಿಯದಾಯಿತು.

ಕಾಕಾ ತಮ್ಮ ರುಮಾಲಿನ ತುದಿ ಹರಿದು, ಚಕ್ಕಡಿಯ ಕೀಲೆಣ್ಣೆಯಲ್ಲಿ ಅದ್ದಿ, ಕಲ್ಲು ಕಟ್ಟಿ ದಾರಕ್ಕೆ ತೂಗುಹಾಕಿದರು. ಕಡ್ಡಿ ಗೀರಿದರೆ ಗಾಳಿ ಆರಿಸಿತು. ಮತ್ತೊಂದು ಗೀರಿದರು. ಗಂಡ ಕಂಬಳಿ ಅಡ್ಡ ಹಿಡಿದ ಮೇಲೆ ಬತ್ತಿ ಹೊತ್ತಿತು. ಹಗೆಯ ಬಾಯಿಯಿಂದ ಮೆಲ್ಲಗೆ ಇಳಿಸಿದರು. ನಡುವೆ ಹೋಗುವಷ್ಟರಲ್ಲಿ ಜ್ವಾಲೆ ಸಣ್ಣದಾಯಿತು, ನೀಲಿಯಾಯಿತು, ಹೋಯಿತು. ಮತ್ತೆ ಮೇಲೆಳೆದು ಹೊತ್ತಿಸಿದರು. ಮತ್ತೆ ಹೋಯಿತು.

“ಗಾಳಿ ಆರಸ್ತೋ, ಹಗೆ ಆರಸ್ತೋ ತಿಳೀವಲ್ದು,” ಎಂದರು ಕಾಕಾ. ಅವರ ಮುಖ ನೋಡಿದೆ. ಅವರೂ ಹೆದರಿದ್ದರು. ಅಲ್ಲಿಯವರೆಗೆ ದೊಡ್ಡವರು ಹೆದರಿದ್ದನ್ನು ನಾನು ಕಂಡಿರಲಿಲ್ಲ.

ಗಂಡ ಮತ್ತೆ ಕರೆದ. ಈ ಸಲ ಅತ್ತೆಯದು ನಿದ್ದೆಗಣ್ಣಿನವರ ದನಿಯ ಹಾಗಿತ್ತು. “ತಲಿ ಭಾರ ಆಗೇತಿ. ಸ್ವಲ್ಪ ಮಲಗ್ತೇನಿ.”

“ಮಲಗಬ್ಯಾಡ್ರೀ ಅತ್ತೀ,” ಎಂದು ನಾನು ಕೂಗಿದೆ. ಆ ಮನೆಗೆ ಬಂದ ಮೇಲೆ ನಾನು ಅವಳ ಎದುರು ದನಿ ಏರಿಸಿದ್ದು ಅದೇ ಮೊದಲು.

ಏನು ಹೊಳೆಯಿತೋ, ಹೇಗೆ ಹೊಳೆಯಿತೋ. ಎರಡು ದಿನದ ಹಿಂದೆ ಅಡುಗೆಮನೆಗೆ ಮಣ್ಣು ಬೀಳದಿರಲಿ ಎಂದು ಮಾಳಿಗೆ ಹತ್ತಿ ಬೆಳಕಿಂಡಿಗೆ ಒಂದು ತಟ್ಟಿಯನ್ನು ಆನಿಸಿ ನಿಲ್ಲಿಸಿದ್ದೆ. ಗಾಳಿ ಬರುವ ಕಡೆ ನಿಲ್ಲಿಸುವ ಬದಲು ಗಾಳಿ ಹೋಗುವ ಕಡೆ ನಿಲ್ಲಿಸಿದ್ದೆ. ಗಾಳಿ ತಟ್ಟಿಗೆ ಬಡಿದು ನೇರ ಒಳಗೆ ಇಳಿದು ಒಲೆಯ ಬೂದಿಯನ್ನೆಲ್ಲ ಎಬ್ಬಿಸಿತ್ತು. ಅತ್ತೆ ಬೈದಿದ್ದಳು. ನನ್ನ ಬಾಯಿಂದ ಮಾತು ಹೊರಟದ್ದು ಗಂಡನಿಗಲ್ಲ, ಕಾಕಾನಿಗೆ.

“ಕಾಕಾ, ಗಾಳೀನ ಒಳಗ ಬಿಡೂಣ್ರಿ. ಕಂಬಳಿ ಆ ಕಡೆ ಹಿಡೀರಿ. ಮೂಡಲ ಕಡೆ.”

ಅವರಿಗೆ ತಿಳಿಯಿತು. ಕಣದಲ್ಲಿ ರಾಶಿ ತೂರುವವರಿಗೆ ಗಾಳಿಯ ಮಾತು ಎರಡು ಸಲ ಹೇಳಬೇಕಿಲ್ಲ. ಚಕ್ಕಡಿಯ ನೊಗ ಬಿಚ್ಚಿ ತಂದು ಹಗೆಯ ಅಂಚಿಗೆ ಅಡ್ಡ ಹಾಕಿ ಅದರ ಮೇಲೆ ಮೊಣಕಾಲೂರಿದರು. ಗಂಡನೂ ಕಾಕಾನೂ ಕಂಬಳಿಯ ಎರಡು ತುದಿ ಹಿಡಿದು ಬಾಯಿಯ ಮೇಲೆ ಓರೆಯಾಗಿ ಬಗ್ಗಿಸಿದರು. ಗಾಳಿ ಬಂದು ಕಂಬಳಿಗೆ ಡಬ್ಬೆಂದು ಬಡಿಯಿತು. ಅವರಿಬ್ಬರನ್ನೂ ಎತ್ತಿ ಒಗೆಯುತ್ತದೆ ಎಂದುಕೊಂಡೆ. ನಾನು ಹಿಂದೆ ಮಲಗಿ ಗಂಡನ ಕಾಲು ಹಿಡಿದುಕೊಂಡೆ. ಗಾಳಿ ಒಳಗೆ ಹೊಕ್ಕಿತು. ಸ್ವಲ್ಪ ಹೊತ್ತಿಗೆ ಹಗೆಯ ಇನ್ನೊಂದು ಅಂಚಿನಿಂದ ಹಳೆಯ ಮುಗ್ಗು ಜೋಳದ ವಾಸನೆ ಹೊರಗೆ ಉಕ್ಕಿತು. ಕೊಳೆತ ಬೆಲ್ಲದಂಥ ಸಿಹಿ ವಾಸನೆ. ಅದು ತೀರಾ ಕಡಿಮೆಯಾಗುವ ತನಕ ಅವರು ಕಂಬಳಿ ಬಿಡಲಿಲ್ಲ.

ಆಮೇಲೆ ಮತ್ತೆ ಬತ್ತಿ ಇಳಿಸಿದರು. ಈ ಸಲ ಅದು ನಡುವನ್ನು ದಾಟಿ, ತಳ ಮುಟ್ಟುವವರೆಗೂ ಉರಿಯಿತು. ಆ ಬೆಳಕಿನಲ್ಲಿ ಅತ್ತೆಯ ಕೈ ಅಲುಗಾಡಿದ್ದು ಕಂಡಿತು.

ಇಳಿಯುವವರು ಯಾರು ಎನ್ನುವ ಮಾತು ಬಂತು. ಅಂಚಿನ ಮಣ್ಣು ಇನ್ನೂ ಉದುರುತ್ತಿತ್ತು. ಗಂಡನ ಹೆಗಲು ಅಗಲ. ಆ ಬಾಯಿಯಲ್ಲಿ ಸಿಕ್ಕರೆ ಅಂಚೆಲ್ಲ ಅತ್ತೆಯ ಮೇಲೆ ಬೀಳುತ್ತದೆ. ಮೇಲೆ ಎತ್ತು ಹೊಡೆಯಲು, ಹಗ್ಗ ನೋಡಿಕೊಳ್ಳಲು ಇಬ್ಬರು ಗಂಡಾಳು ಬೇಕು. ಯಾರೂ ನನ್ನನ್ನು ಇಳಿ ಎನ್ನಲಿಲ್ಲ. ಕಾಕಾ ಒಮ್ಮೆ ನನ್ನ ಕಡೆ ನೋಡಿ ಬೇರೆ ಕಡೆ ತಿರುಗಿದರು. ನಾನೇ ಸೀರೆ ಕಚ್ಚೆ ಹಾಕಿದೆ. ಧೈರ್ಯ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮೇಲೆ ನಿಂತು ಆ ದನಿ ನಿಲ್ಲುವುದನ್ನು ಕೇಳುವ ಹೆದರಿಕೆ, ಇಳಿಯುವ ಹೆದರಿಕೆಗಿಂತ ದೊಡ್ಡದಿತ್ತು.

“ತಲಿ ತಿರಗಿದ್ರ ಹಗ್ಗ ಜಗ್ಗು,” ಎಂದ ಗಂಡ. ಅವನು ಹಾಕಿದ ಗಂಟು ಎರಡು ಸಲ ಬಿಚ್ಚಿತು. ಮೂರನೆಯ ಸಲ ಕಾಕಾ ಹಾಕಿದರು.

ಬಾಯಿ ದಾಟಿದ ಕೂಡಲೇ ಗಾಳಿಯ ಸಪ್ಪಳ ನಿಂತುಹೋಯಿತು. ತಿಂಗಳೊಪ್ಪತ್ತಿನಿಂದ ಹಗಲು ರಾತ್ರಿ ಕಿವಿಯಲ್ಲಿದ್ದದ್ದು ಒಮ್ಮೆಲೇ ಇಲ್ಲ. ಅದು ನಿಂತರೆ ಸಾಕು ಎಂದು ಎಷ್ಟು ಸಲ ಬೇಡಿಕೊಂಡಿದ್ದೆ. ನಿಂತಾಗ ನನ್ನ ಎದೆ ಬಡಿತವೊಂದೇ ಕೇಳಿಸಿತು. ಗೋಡೆ ನುಣ್ಣಗಿತ್ತು. ಯಾರೋ ಅಂಗೈಯಿಂದ ಸಾರಿಸಿದ ಗುರುತು ಬೆರಳಿಗೆ ತಾಗಿತು. ಒಂದು ಹೆಂಗಸಿನ ಕೈ ಇರಬೇಕು, ನನ್ನ ಬೆರಳು ಅದರಲ್ಲಿ ಸರಿಯಾಗಿ ಕೂತವು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ.

ತಳದಲ್ಲಿ ಬೂದಿಯಂಥ ಮೆತ್ತನೆಯದು. ಕಪ್ಪಾದ ಹುಲ್ಲು, ಕಪ್ಪಾದ ಕಾಳು. ಅದರ ಮೇಲೆ ಅತ್ತೆ ಗೋಡೆಗೆ ಒರಗಿ ಕೂತಿದ್ದಳು. ಬಲಗಾಲು ಕಾಲಿನ ಹಾಗೆ ಇರಲಿಲ್ಲ.

“ನೀ ಯಾಕ ಬಂದೀ?” ಎಂದಳು.

“ನಿಮ್ಮನ್ನ ಕರಕೊಂಡು ಹೋಗಾಕ ಬಂದೇನ್ರಿ.”

“ಹೆದರಿಕಿ ಬರಲಿಲ್ಲೇನ?”

“ಬಂದೈತ್ರಿ.”

ಅವಳು ನನ್ನ ಮುಂಗೈ ಹಿಡಿದಳು. ಆ ಹಿಡಿತ ಇಂದಿಗೂ ನೆನಪಿದೆ. “ನನಗೂ ಬಂದೈತಿ,” ಎಂದಳು, ಬಹಳ ಸಣ್ಣ ದನಿಯಲ್ಲಿ, ಮೇಲೆ ಮಗನಿಗೆ ಕೇಳಬಾರದು ಎನ್ನುವ ಹಾಗೆ.

ನನ್ನ ಹಗ್ಗ ಬಿಚ್ಚಿ ಅವಳ ಕಂಕುಳಿನ ಕೆಳಗೆ ಕಟ್ಟಿದೆ. ಮುರಿದ ಕಾಲನ್ನು ನನ್ನ ಸೆರಗು ಹರಿದು ಇನ್ನೊಂದು ಕಾಲಿಗೆ ಬಿಗಿದೆ. ಮೇಲೆ ಕಾಕಾ ಹಗ್ಗ ಕಟ್ಟಿದ್ದ ಎತ್ತು ಹೊಡೆದರು. ಹಗ್ಗ ಅಂಚಿನ ನೊಗದ ಮೇಲೆ ಕಿರ್ರೆಂದಿತು. ಅತ್ತೆ ಹಲ್ಲು ಕಚ್ಚಿಕೊಂಡು ಮೇಲೇರಿದಳು. ಅವಳ ಮೈ ಹಗೆಯ ಬಾಯಿ ತುಂಬಿದಾಗ ಬೆಳಕು ಪೂರಾ ಹೋಯಿತು. ಆ ಕತ್ತಲೆಯಲ್ಲಿ ನಾನೊಬ್ಬಳೇ. ಮಣ್ಣು ಜುಳುಜುಳು ನನ್ನ ತಲೆಯ ಮೇಲೆ, ಹೆಗಲ ಮೇಲೆ ಸುರಿಯಿತು. ಪಾದ ಮುಚ್ಚಿತು. ಕೂಗಬೇಕೆಂದರೆ ಬಾಯಲ್ಲಿ ಮಣ್ಣು. ಇಲ್ಲೇ ಮುಚ್ಚಿಹೋದರೆ ಮುಂದೆ ಯಾವ ಕಾಲಕ್ಕೋ ಗಾಳಿ ನನ್ನನ್ನೂ ಹೊರಗೆ ತೆಗೆದೀತು, ಕಾಲಿಗೆ ತೊಡರಿದರೆ ಯಾರೋ ದನದ ಎಲುಬು ಎಂದಾರು, ಇಷ್ಟೇ ನನ್ನ ತಲೆಯಲ್ಲಿ ಓಡಿದ್ದು.

ಬೆಳಕು ಮತ್ತೆ ಬಂತು. ಹಗ್ಗ ಬಂತು. ಮೇಲೆ ಬಂದಾಗ ಗಾಳಿ ಮುಖಕ್ಕೆ ಬಡಿಯಿತು. ಗಂಡ ನನ್ನ ತಲೆಯ ಮಣ್ಣು ಕೊಡವುತ್ತ ಅಳುತ್ತಿದ್ದ.

ಚಕ್ಕಡಿಯಲ್ಲಿ ಕಂಬಳಿ ಹಾಸಿ ಅತ್ತೆಯನ್ನು ಟಿಕೋಟಾಕ್ಕೆ, ಅಲ್ಲಿಂದ ಬಸ್ಸಿನಲ್ಲಿ ವಿಜಾಪುರದ ದವಾಖಾನೆಗೆ ಒಯ್ದೆವು. ಕಾಲು ಕೂಡಿತು, ಆದರೆ ಗಿಡ್ಡವಾಗಿ ಕೂಡಿತು. ಅಪ್ಪ ದಿನಾ ಸಾಲಿ ಬಿಟ್ಟ ಮೇಲೆ ಗಾಂಧಿ ಚೌಕದಿಂದ ಹಣ್ಣು ಹಿಡಿದುಕೊಂಡು ಬರುತ್ತಿದ್ದ. ದವಾಖಾನೆಯಲ್ಲಿ ಅತ್ತೆಯ ಬಳಿ ಕೂತು ಕೂತು ಕಲ್ಲಿನ ಮಾತನ್ನು ಕೊನೆಗೂ ಹೇಳಿಬಿಟ್ಟಿದ್ದೆ. ಒಂದು ದಿನ ಅತ್ತೆಯೇ ಅಪ್ಪನನ್ನು ಕೇಳಿದಳು.

“ಬೀಗರ, ಕಲ್ಲು ಬೆಳಿಯೂದಿಲ್ಲ ಅಂತಾಳ ನಿಮ್ಮ ಮಗಳು. ಖರೇ ಏನ್ರಿ?”

ಅಪ್ಪ ತಾಟು ತರಿಸಿದ. ನಮ್ಮ ಬುತ್ತಿ ಗಂಟಿನಿಂದ ಜೋಳದ ಹಿಟ್ಟು, ನುಚ್ಚು, ಒಂದು ಹಿಡಿ ಕಡಲೆ ತೆಗೆದು ತಾಟಿನಲ್ಲಿ ಕಲಸಿ ಸಮ ಮಾಡಿದ. ಕಡಲೆ ಕಾಣಲಿಲ್ಲ. ಆಮೇಲೆ ಒಂದು ಕಡೆಯಿಂದ ಊದತೊಡಗಿದ. ಹಿಟ್ಟು ಹಾರಿ ಕಿಟಕಿಯ ಬೆಳಕಿನಲ್ಲಿ ತೇಲಿತು. ನುಚ್ಚು ಹಾರಲಾರದೆ ಕುಪ್ಪಳಿಸಿತು, ಕುಪ್ಪಳಿಸಿ ಬಿದ್ದಲ್ಲೆಲ್ಲ ಮತ್ತಷ್ಟು ಹಿಟ್ಟು ಎಬ್ಬಿಸಿತು. ಕೊನೆಗೆ ತಾಟಿನ ತುಂಬ ಕಡಲೆ ಎದ್ದು ಕೂತಿತ್ತು.

“ಕಡಲಿ ಬೆಳೀತೇನ್ರಿ?” ಎಂದ ಅಪ್ಪ.

ಅತ್ತೆ ತಾಟಿನ ಕಡಲೆಯ ಮೇಲೆ ಬೆರಳಾಡಿಸಿದಳು. “ಹಿಟ್ಟು ಎಲ್ಲಿ ಹೋತ್ರಿ?”

“ಯಾರದೋ ಹೊಲಕ್ಕ. ಡೋಣಿ ಹೊಳಿಗೆ. ಕಡೀಕ ಸಮುದ್ರಕ್ಕ. ನಿಮ್ಮ ಊರ ಸುತ್ತ ಮಡ್ಡಿ ಅದಾವಲ್ಲ, ನೆತ್ತಿ ಸಪಾಟ ಇದ್ದದ್ದು? ಒಂದು ಕಾಲಕ್ಕ ಎಲ್ಲಾ ಕಡೆ ನೆಲ ಅಷ್ಟು ಎತ್ತರ ಇತ್ತು. ನಡುವಿಂದು ಗಾಳಿ, ನೀರು ಒಯ್ದು ಇಷ್ಟು ಉಳದೈತಿ. ಭೂಮಿ ಅಂದ್ರ ಹಂಗ, ಸುಮ್ಮ ಕೂಡೂದಿಲ್ಲ. ಚಂದ್ರನ ಮ್ಯಾಲೆ ಗಾಳಿ ಇಲ್ಲ, ಮಳಿ ಇಲ್ಲ. ಅಲ್ಲಿ ಒಂದು ಕುಣಿ ಬಿದ್ರ ಯುಗಯುಗ ಹಂಗ ಇರ್ತೈತಿ.”

“ಹಂಗಾರ ಹಗೆ ಅಲ್ಲೇ ತೋಡಬೇಕಾಗಿತ್ತು ಬಿಡ್ರಿ,” ಎಂದಳು ಅತ್ತೆ. “ಬಾಯಿ ಎಲ್ಲೈತಿ ಅಂತ ಕಾಣ್ತಿತ್ತು.”

ಅಪ್ಪ ನಕ್ಕ. ನನಗೆ ನಗು ಬರಲಿಲ್ಲ. ಕಿಟಕಿಯ ಬೆಳಕಿನಲ್ಲಿ ಹಿಟ್ಟು ಇನ್ನೂ ಇಳಿಯದೆ ತೇಲುತ್ತಿತ್ತು.

ಊರಿಗೆ ಬಂದ ಮೇಲೆ ಗಂಡ, ಕಾಕಾ ಸೇರಿ ಹಾರೆಯಿಂದ ಹಾಳೂರ ಹೊಲವನ್ನೆಲ್ಲ ಕುಟ್ಟಿ ಕುಟ್ಟಿ ನೋಡಿದರು. ಇನ್ನೊಂದು ಕಡೆ ಟೊಳ್ಳು ಸಪ್ಪಳ ಬಂತು. ಎರಡೂ ಹಗೆಗಳಿಗೆ ಹೊಲದ ಕಲ್ಲುಗಳನ್ನೇ ತುಂಬಿದರು. ಮುಂದೆ ಜೋಳ ಕೀಳುವುದನ್ನು ಬಿಟ್ಟು ಕೊಯ್ಯತೊಡಗಿದೆವು, ಕೂಳೆಯನ್ನು ನೆಲದಲ್ಲೇ ಬಿಟ್ಟೆವು. ಪಡುವಣಕ್ಕೆ ಒಡ್ಡು ಹಾಕಿ ಜಾಲಿ, ಬೇವು ಹಚ್ಚಿದೆವು. ಊರವರು ಮೊದಲು ನಕ್ಕರು, ಆಮೇಲೆ ಕೆಲವರು ತಾವೂ ಹಚ್ಚಿದರು. ಗಾಳಿ ನಿಲ್ಲಲಿಲ್ಲ. ಮಣ್ಣು ಸ್ವಲ್ಪ ನಿಂತಿತು.

ಮರುವರ್ಷ ಆಷಾಢ ಬಂದಾಗ, ಗಾಳಿಗೆ ಹೆದರುತ್ತೇನೆಂದು ಅಪ್ಪ ನನ್ನನ್ನು ಕರೆಯಲು ಬಂದ. ನಾನು ಹೋಗಲಿಲ್ಲ. ಅತ್ತೆ ಕೋಲಿಲ್ಲದೆ ನಡೆಯುವ ಹಾಗಿರಲಿಲ್ಲ. ಕೋಲಿದ್ದರೂ ಅಂಗಳಕ್ಕೆ ಇಳಿಯುವ ಮೊದಲು ನೆಲವನ್ನು ಅದರಿಂದ ತಟ್ಟಿ ನೋಡುತ್ತಿದ್ದಳು. ಮಧ್ಯಾಹ್ನ ಗಾಳಿ ಏರಿದ ಕೂಡಲೇ ನಡುಮನೆಯಿಂದ ಕರೆಯುತ್ತಿದ್ದಳು.

“ಏ, ಶೇಂಗಾ ಒಡಿಯೂದೈತಿ, ಬಾ ಇಲ್ಲಿ.”

ಶೇಂಗಾ ಒಡೆದು ಮುಗಿದಿದ್ದರೂ ಕರೆಯುತ್ತಿದ್ದಳು. ನಾನು ಖಾಲಿ ಮೊರ ಹಿಡಿದುಕೊಂಡು ಹೋಗಿ ಅವಳ ಪಕ್ಕದಲ್ಲಿ ಕೂಡುತ್ತಿದ್ದೆ. ತೊಲೆ ಕಿರುಗುಟ್ಟಿದಾಗ ಇಬ್ಬರೂ ಮೇಲೆ ನೋಡುತ್ತಿದ್ದೆವು. ನಂತರ ಅವಳು ತನ್ನ ತವರಿನ ಯಾವುದೋ ಹಳೆಯ ಮಾತು ತೆಗೆಯುತ್ತಿದ್ದಳು, ನಾನು ಹೂಂಗುಟ್ಟುತ್ತಿದ್ದೆ.